ಒದ್ದೆ ಮಣ್ಣು

ತೇರ್ಸು ಮುಗಿದು ಮಕ್ಕಳು ಚಾಪೆ ಸುತ್ತುತ್ತಾರೆ.
ಸೆವ್ರಿನ್ ಒಳಗೆ, ಗಂಜಿಗೆ ಉಪ್ಪು ಹಾಕಲು.
ಆಲ್ತಾರಿನೆದುರು ಉಳಿಯುವವನು ನಾನೊಬ್ಬ,
ಮೊಣಕಾಲಿಗೆ ಕೆಂಪು ಮಣ್ಣು ಮೆತ್ತಿಕೊಂಡವನು,
ಬೇಳದ ಇಗರ್ಜಿಯಿಂದ ಮೂರು ಮೈಲಾಚೆಯ ಗುಡ್ಡದಲ್ಲಿ
ಸುರಂಗ ತೋಡುವ ಬಸ್ತ್ಯಾಂವ.

ನನ್ನ ಸಿಟ್ಟಿಗೆ ಐವತ್ತು ನಮೋ ಮರಿಯ ಸಿಗಬಹುದೆಂದು
ಕಳೆದ ತಪಸ್ಸುಕಾಲದಲ್ಲಿ ಪಾಪನಿವೇದನೆಗೆ ಹೋಗಿದ್ದೆ.
ಪಾದ್ರಿ ಬಹಳ ಹೊತ್ತು ಸುಮ್ಮನಿದ್ದರು.
ಜಾಳಿಗೆಯಾಚೆ ಅವರ ಕೆಮ್ಮು.
‘ಹೇಳಿದ್ದು ಸಾಕು ಬಸ್ತ್ಯಾಂವ, ಇನ್ನು ನೋಡು.
ಮಲಗುವ ಮೊದಲು ಕಾಲುಗಂಟೆ
ದಿನದೊಳಗೆ ತಿರುಗಿ ನಡೆದು ನೋಡು.
ಸ್ವಾಮಿಯನ್ನು ಕರೆದುಕೋ. ಒಬ್ಬನೇ ಹೋಗಬೇಡ.’

ಮೊದಲ ವಾರ ನಿದ್ದೆ ಬಂತು.
ಎರಡನೇ ವಾರ ಸೊಳ್ಳೆ.
ಮೂರನೇ ವಾರ ಹೊಳೆಯಿತು,
ಒಬ್ಬನೇ ಹೋಗಬೇಡವೆಂಬುದು ನಮ್ಮ ಕಸುಬಿನದೇ ಮಾತು.

ಗುಡ್ಡದ ಹೊಟ್ಟೆಗೆ ಅಡ್ಡಲಾಗಿ ನುಗ್ಗುವಾಗ
ಹಿಂದೆ ಐತ, ಬುಟ್ಟಿ ಎಳೆಯುವವನು.
ಮುಂದೆ ಮೇಣದ ಬತ್ತಿ.
ಬತ್ತಿ ಕುಗ್ಗಿತೋ, ಅಲ್ಲಿ ಉಸಿರಿಲ್ಲ.
ಪಿಕಾಸಿ ಬಿಟ್ಟು ತಿರುಗಿ ಬರಬೇಕು.
ಅದರಿಂದ ಯಾರ ಮರ್ಯಾದೆಯೂ ಹೋಗುವುದಿಲ್ಲ.

ಮುರಕಲ್ಲು ನೆಲದೊಳಗೆ ಮೆತ್ತಗೆ,
ಉಗುರಲ್ಲಿ ಕೆರೆದರೂ ಬರುತ್ತದೆ.
ಹೊರತಂದು ಬಿಸಿಲಿಗಿಟ್ಟರೆ ನೂರು ವರ್ಷದ ಗೋಡೆ.
ನಾಲಿಗೆಯಡಿಯಲ್ಲಿ ಆ ಮಾತೂ ಹಾಗೇ ಇತ್ತು,
ತಮ್ಮ ಲಾದ್ರುವಿಗೆ ಅಂಗಳದಲ್ಲಿ ನಿಂತು ನಾನಂದದ್ದು.
ಏಳು ವರ್ಷ. ಗೋಡೆ ನಿಂತೇ ಇದೆ,
ಸುಣ್ಣವನ್ನೂ ಕೇಳದೆ.

ಇನ್ನು ಆ ಸ್ಟೀಲಿನ ಬಟ್ಟಲು.
ಮೀನಿಗೆ ಹುಳಿ ಹೆಚ್ಚಾಯಿತೆಂದು ಗೋಡೆಗೆ ಎಸೆದಿದ್ದೆ.
ಸೆವ್ರಿನ್ ಎಂದೂ ಆ ಸುದ್ದಿ ಎತ್ತಲಿಲ್ಲ,
ಬಟ್ಟಲನ್ನು ಗುಜರಿಗೆ ಹಾಕಲೂ ಇಲ್ಲ.
ದಿನಾ ಅದರಲ್ಲೇ ಬಡಿಸುತ್ತಾಳೆ.
ಗಂಜಿತಿಳಿ ಮೊದಲು ಹೋಗಿ ನಿಲ್ಲುವುದು
ಆ ತಗ್ಗಿನಲ್ಲಿ.

ಬಾ ಸ್ವಾಮಿ, ಇವತ್ತಿಗೆ ಹೋಗೋಣ.
ಆರು ಗಂಟೆ, ಚಹಾ. ಏನಿಲ್ಲ.
ಎಂಟು ಗಂಟೆ, ಐತ ತಡವಾಗಿ ಬಂದ. ಮಗಳಿಗೆ ಜ್ವರವಂತೆ.
ಜ್ವರದ ವಿಷಯ ಕೇಳಿದ್ದು ಮಧ್ಯಾಹ್ನ, ಬೈದದ್ದು ಬೆಳಗ್ಗೆಯೇ.
ಇಲ್ಲಿ ಸ್ವಲ್ಪ ನಿಲ್ಲು. ಬತ್ತಿ ಎತ್ತಿ ಹಿಡಿ.
ಬೈದದ್ದು ತಡವಾದ್ದಕ್ಕಲ್ಲ.
ಅರವತ್ತು ಕೋಲು ತೋಡಿದರೂ ನೀರು ಕಾಣದ್ದಕ್ಕೆ,
ನಿನ್ನೆ ಧಣಿ ನಕ್ಕದ್ದಕ್ಕೆ.
ಐತನ ಕಿವಿ ಹತ್ತಿರವಿತ್ತು, ಅಷ್ಟೇ.

ನಾಲ್ಕು ಗಂಟೆ, ನೀರ್ಚಾಲಿನ ಅಂಗಡಿಯಲ್ಲಿ ಲಾದ್ರು.
ಅಪ್ಪ ತೋಡಿದ ಸುರಂಗದ ನೀರಿಡೀ ತನ್ನದೆಂದು
ನಾಲ್ಕು ಜನರೆದುರು ಹೇಳಿದ.
ಬಂತು ಮಾತು. ಹಲ್ಲಿನ ತನಕ ಬಂತು.
ಮೆತ್ತಗಿತ್ತು, ರುಚಿಯೂ ಇತ್ತು.
ಎಲ್ಲೋ ಒಂದು ಬತ್ತಿ ಕುಗ್ಗಿತು.
ತಿರುಗಿ ಬಂದೆ,
ಕೊಡಬೇಕಿದ್ದ ಚಿಲ್ಲರೆಯನ್ನೂ ತೆಗೆದುಕೊಳ್ಳದೆ.
ಹಿಂದಿನಿಂದ ನಗು.
ಮರ್ಯಾದೆ ಹೋಗುವುದಿಲ್ಲ ಅಂದೆನಲ್ಲ? ಹೋಯಿತು.
ದಾರಿಯಿಡೀ ಕೈ ನಡುಗುತ್ತಿತ್ತು.

ಇಗರ್ಜಿಯ ಗೋಡೆಯ ಚಿತ್ರದಲ್ಲಿ, ಆ ತೋಟದ ರಾತ್ರಿ,
ಬಂಡೆಯೆದುರು ನೀನು ಮೊಣಕಾಲೂರಿದ್ದೀಯ.
ಗೆಳೆಯರಿಗೆಲ್ಲ ನಿದ್ದೆ.
ಬೇಡುತ್ತಿದ್ದೀಯೆಂದು ಚಿಕ್ಕಂದಿನಲ್ಲಿ ತಿಳಿದಿದ್ದೆ.
ಈಗ ಕಾಣುವುದು ತೋಡುವವನ ಬೆನ್ನು.
ಬಾಗಿ, ಉಸಿರನ್ನು ಅಳೆದು,
ಎದುರಿನ ಕಲ್ಲು ಬಿಡುವ ತನಕ.

ಸೆವ್ರಿನ್ ಕರೆಯುತ್ತಾಳೆ, ಗಂಜಿ ಆರುತ್ತಿದೆ.
ಶಾಂತಿ ಸಿಕ್ಕಿತೆಂದರೆ ಸುಳ್ಳಾಗುತ್ತದೆ.
ಲಾದ್ರುವಿನ ಮೇಲೆ ಇನ್ನೂ ಕಾವಿದೆ.
ನಾಳೆ ಐತನ ಮನೆಗೆ ಹೋಗಬೇಕು, ಅದಕ್ಕೂ ನಾಚಿಕೆ.
ಆದರೆ ಇವತ್ತು ಬೆರಳಿಗೆ ಹತ್ತಿದ ಮಣ್ಣು
ಉದುರುವುದಿಲ್ಲ. ಅಂಟುತ್ತದೆ, ತಣ್ಣಗಿದೆ.

ನೀರಲ್ಲ.
ಇಂಥ ಮಣ್ಣು ಸಿಕ್ಕ ದಿನ ನಮ್ಮವರು ಮಾತಾಡುವುದಿಲ್ಲ,
ಬತ್ತಿಯನ್ನು ಒಂದು ಮೊಳ ಮುಂದಕ್ಕೆ ಇಡುತ್ತಾರೆ.